ಡಿಫೆನೆಸ್ಟ್ರೇಶನ್ ನಿಷೇಧಿಸಲಾಗಿದೆ

ಮೈಲಾಪೂರಿನ ನಮ್ಮ ಹಳೇ ಫ್ಲ್ಯಾಟುಗಳ ಸಂಘಕ್ಕೆ ಆ ವರ್ಷ ನಾನು ಕಾರ್ಯದರ್ಶಿ. ಬೇರೆ ಯಾರೂ ಒಪ್ಪದೆ, ಸಭೆಗೇ ಹೋಗದಿದ್ದವಳನ್ನು ಆರಿಸಿಬಿಟ್ಟಿದ್ದರು. ನನ್ನ ಮೊದಲ ತಲೆನೋವು ಮೂರನೇ ಮಹಡಿಯ ಹಿರಿಯರು. ಬ್ಯಾಂಕಿನಿಂದ ನಿವೃತ್ತರಾದ ಮೈಸೂರಿನವರು; ನಾವು ಚೆನ್ನೈಗೆ ಹೊಸದಾಗಿ ಬಂದಾಗ ಈ ಮನೆ ಹುಡುಕಿಕೊಟ್ಟದ್ದೇ ಅವರು. ಅವರು ಅಗಿದ ನುಗ್ಗೆಕಾಯಿ, ಕರಿಬೇವಿನ ಕಡ್ಡಿ, ಒಮ್ಮೆ ಒಂದು ಹಳೇ ಚಪ್ಪಲಿ, ಎಲ್ಲವೂ ಅವರ ಕಿಟಕಿಯಿಂದ ಹೊರಟು ಮೊದಲ ಮಹಡಿಯಲ್ಲಿ ನಾನು ಒಣಹಾಕಿದ ಬಟ್ಟೆಗಳ ಮೇಲೆ ಇಳಿಯುತ್ತಿದ್ದವು.

ಎದುರಿಗೆ ಹೇಳಲು ನಾಲಿಗೆ ಏಳಲಿಲ್ಲ. ನಿಘಂಟು ಹುಡುಕಿ 'ಡಿಫೆನೆಸ್ಟ್ರೇಶನ್' ಎಂಬ ಪದ ಹಿಡಿದೆ. ಲ್ಯಾಟಿನ್ನಿನಲ್ಲಿ 'ಫೆನೆಸ್ಟ್ರ' ಎಂದರೆ ಕಿಟಕಿ. ಅದರಿಂದಾಚೆ ಎಸೆಯುವುದೇ ಡಿಫೆನೆಸ್ಟ್ರೇಶನ್. ಹೇಳಿದಂತೆಯೂ ಆಯಿತು, ಅವರ ಮರ್ಯಾದೆಯೂ ಉಳಿಯಿತು ಎಂದುಕೊಂಡು, ಅದನ್ನು ನಿಷೇಧಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಮೆಟ್ಟಿಲ ಬಳಿ ಅಂಟಿಸಿದೆ.

ಯಾರೂ ಅರ್ಥ ಕೇಳಲಿಲ್ಲ. ಎಲ್ಲರೂ ತಲೆದೂಗಿದರು. ಹಿರಿಯರಂತೂ ನನ್ನನ್ನು ನಿಲ್ಲಿಸಿ, ನೋಟಿಸ್ ರೊಂಬ ಚೆನ್ನಾಗಿದೆ, ಇಂಥ ಶಿಸ್ತು ಎಂದೋ ಬರಬೇಕಿತ್ತು ಎಂದರು. ಮರುದಿನವೂ ನುಗ್ಗೆಕಾಯಿ ಬಿತ್ತು.

ಆ ಭಾನುವಾರ ಎರಡನೇ ಮಹಡಿಯಾಕೆ ಕಿಟಕಿಗೆ ಸೊಳ್ಳೆಪರದೆ ಹಾಕಿಸಲು ಬಡಗಿಯನ್ನು ಕರೆಸಿದರು. ಹಿರಿಯರು ಮೆಟ್ಟಿಲಲ್ಲೇ ಅವನಿಗೆ ಅಡ್ಡ ನಿಂತರು. ಬ್ಯಾಂಕಿನ ಮನೆ ಸಾಲದ ನಕ್ಷೆಗಳಲ್ಲಿ ಕಿಟಕಿಗಳಿಗೆ 'ಫೆನೆಸ್ಟ್ರೇಶನ್' ಎಂದಿದ್ದುದನ್ನು ಅವರು ನೋಡಿದ್ದರು; ಹಾಗಾಗಿ ಕಿಟಕಿಯ ಚೌಕಟ್ಟು ಬಿಚ್ಚುವುದೇ ಡಿಫೆನೆಸ್ಟ್ರೇಶನ್, ಅದಕ್ಕೆ ನಿಷೇಧವಿದೆ ಎಂಬುದು ಅವರ ವಾದ. ಆಕೆಯೂ ವಾದಿಸಲು ಹೋಗದೆ, ಒಂದು ದಿನದ ಮಟ್ಟಿಗೆ ಡಿಫೆನೆಸ್ಟ್ರೇಶನ್‌ಗೆ ಅನುಮತಿ ಕೋರಿ ಅರ್ಜಿಯನ್ನೇ ಬರೆದು ತಂದರು. ತೀರ್ಪಿಗೆ ನನ್ನನ್ನು ಕರೆದರು.

ಅರ್ಥ ಹೇಳಲೇಬೇಕಾಯಿತು. ಹಿಂದೆ ಯುರೋಪಿನಲ್ಲಿ ತಮಗಾಗದವರನ್ನು ಕಿಟಕಿಯಿಂದ ಎಸೆದಾಗ ಹುಟ್ಟಿದ ಲ್ಯಾಟಿನ್ ಮೂಲದ ಪದ ಎಂದೆ.

"ನಮ್ಮ ಬಿಲ್ಡಿಂಗಲ್ಲಿ ಯಾರನ್ನಮ್ಮಾ ಎಸೆದದ್ದು?" ಹಿರಿಯರು ಗಾಬರಿಯಾದರು.

"ಜನರನ್ನಲ್ಲ ಸಾರ್. ವಸ್ತುಗಳಿಗೂ ಹೇಳ್ತಾರೆ. ನುಗ್ಗೆಕಾಯಿ, ಅಂಥದ್ದು."

ಅವರು ನೋಟಿಸನ್ನು ಇನ್ನೊಮ್ಮೆ ನಿಧಾನವಾಗಿ ಓದಿದರು. ಅಷ್ಟರಲ್ಲಿ ಬಡಗಿ ಪಕ್ಕದಿಂದ ನುಸುಳಿ ಮೇಲೆ ಹೋದ.

"ಇದು ನನಗೇ ಬರೆದದ್ದು ಅಲ್ವಾ," ಎಂದರು. "ಮಂಡಿ ನೋವಮ್ಮಾ, ಕಸದ ತೊಟ್ಟಿ ಕೆಳಗಿದೆ. ಬಂದು ಒಂದು ಮಾತು ಹೇಳಿದ್ರೆ ಸಾಕಿತ್ತು. ಲ್ಯಾಟಿನ್ ಯಾಕೆ?"

ಅಂದಿನಿಂದ ಆಫೀಸಿಗೆ ಹೊರಡುವ ಮುಂಚೆ ಮೂರನೇ ಮಹಡಿ ಹತ್ತಿ ಅವರ ಕಸದ ಚೀಲ ತರುತ್ತೇನೆ. ಅವರು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ಕಾಯುತ್ತಿರುತ್ತಾರೆ. ಚೀಲ ಹಗುರವಾಗಿದ್ದ ದಿನ, ಇಷ್ಟಕ್ಕೆ ಅಷ್ಟು ದೂರ ಹತ್ತಿಸಿದೆನಲ್ಲಾ ಎಂದು ಪೇಚಾಡಿಕೊಂಡು, ಒಳಗೆ ಹೋಗಿ ಇನ್ನೊಂದಿಷ್ಟು ಕಸ ಹುಡುಕಿ ತರುತ್ತಾರೆ.