ಎತ್ತು ಎಳೆದ ಕಾರು

ಪೆಟ್ರೋಲಿಗೆ ರೇಷನ್ ಇದ್ದ ಕಾಲ. ಮಡಿಕೇರಿಯಿಂದ ಕೂಪನ್ ಬಾರದೆ ನಮ್ಮ ಕಾರು ತಿಂಗಳಿಂದ ಷೆಡ್ಡಿನಲ್ಲೇ ನಿಂತಿತ್ತು. ಭಾಗಮಂಡಲದ ಹತ್ತಿರ ಸೋದರತ್ತೆಯ ಮಗಳ ಮದುವೆ. ಕಾಫಿ ತೋಟದ ಕಾಲುದಾರಿಯಲ್ಲಿ ನಡೆದರೆ ಅರ್ಧ ಗಂಟೆ. ರಸ್ತೆಯಲ್ಲಿ ಸುತ್ತಿ ಹೋದರೆ ನಾಲ್ಕು ಮೈಲಿ.

ಅಪ್ಪ ಕೇಳಬೇಕಲ್ಲ!

"ಕಾರಿರೋ ಮನೆಯವ್ರು ನಡ್ಕೊಂಡು ಹೋದ್ರೆ ಜನ ಏನಂತಾರೆ?" ಎಂದು ಗಾಡಿಯ ಎತ್ತುಗಳನ್ನು ಬಿಚ್ಚಿಸಿ ಕಾರಿಗೆ ಕಟ್ಟಿಸಿದರು. ಸಾಲದ್ದಕ್ಕೆ ಸ್ಟಿಯರಿಂಗ್ ಹಿಡಿದು ಕೂತು, ತಿರುವು ಬಂದಾಗಲೆಲ್ಲ ಹಾರ್ನ್ ಬೇರೆ. ಆ ಸದ್ದಿಗೆ ಎತ್ತುಗಳು ಬೆಚ್ಚಿ ನಿಂತುಬಿಡುತ್ತಿದ್ದವು. ಹಿಂದಿನ ಸೀಟಿನಲ್ಲಿ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು.

ನಾವು ತಲುಪಿದಾಗ ಮುಹೂರ್ತ ಮುಗಿದಿತ್ತು. ನಮ್ಮ ಆಳುಗಳು ಕಾಲುದಾರಿಯಲ್ಲಿ ಬಂದು, ಉಂಡು, ವೀಳ್ಯ ಮೆಲ್ಲುತ್ತಿದ್ದರು.

ಅಪ್ಪ ಇಳಿದವರೇ ಅತ್ತೆಗೆ ಹೇಳಿದರು: "ಕಾರಿದ್ದದ್ದಕ್ಕೆ ಇಷ್ಟಾದ್ರೂ ಬೇಗ ಮುಟ್ಟಿದ್ದು."