ಏರಿಸದ ಬಾವುಟ

ಬರ್ಡಕ್ ಸರೋವರದ ದಂಡೆಯಲ್ಲಿ ಪೆಟಿಗ್ರೂ ಮನೆತನದ ಹೆಸರಿಲ್ಲದ ಕಲ್ಲು ಹುಡುಕಿದರೂ ಸಿಗುವುದಿಲ್ಲ. ಕಾಡು ಕಡಿದು ಮೊದಲು ನೆಲೆ ನಿಂತವರು ಅವರೇ. ಅವರ ದಿಮ್ಮಿ ಮನೆ, ಅವರ ಇಗರ್ಜಿ, ಅವರ ಸಮಾಧಿಗಳು, ಕೊನೆಗೆ ಹಡಗು ನಿಲ್ಲಲು ಅವರು ಕಟ್ಟಿದ ದಕ್ಕೆ. ಬೇಸಿಗೆಯ ಪ್ರತಿ ಶನಿವಾರ ಟೊರಾಂಟೊದಿಂದ ಬಸ್ಸಿನಲ್ಲಿ ಬಂದವರಿಗೆ ಇಷ್ಟನ್ನೂ ತೋರಿಸುತ್ತ ಬಂದವಳು ವಿಲ್ಡಾ ಕ್ರೋಜಿಯರ್. ಇಪ್ಪತ್ತೆರಡು ವರ್ಷದಿಂದ ಬಿಡಿಗಾಸು ಸಂಬಳವಿಲ್ಲದ ಕೆಲಸ. ವಯಸ್ಸು ಅರವತ್ತೆಂಟಾದರೂ ಗಂಟಲು ಮಾತ್ರ ಗಂಟೆಯ ಹಾಗೆ.

ದಕ್ಕೆಯ ಮೇಲೆ ಬಂದರೆ ಅವಳ ಮಾತಿಗೆ ಬೇರೆಯೇ ಕಳೆ ಬರುತ್ತಿತ್ತು. ಅಲ್ಲಿ ಹೇಳುತ್ತಿದ್ದದ್ದು ಸ್ವಂತ ಅಜ್ಜಿಯ ಕಥೆ. ಅಜ್ಜಿ ಹೆಟ್ಟಿ ಹನ್ನೊಂದರ ಅನಾಥೆಯಾಗಿ ಇಂಗ್ಲೆಂಡಿನಿಂದ ಬಂದು ಪೆಟಿಗ್ರೂಗಳ ಮನೆಗೆಲಸಕ್ಕೆ ಸೇರಿದವಳು. ಜೊತೆಗೆ ಬಂದ ಅಣ್ಣ ಪರ್ಸಿಯನ್ನು ಬೇರೆಲ್ಲೋ ದೂರದ ಹೊಲಕ್ಕೆ ಕಳಿಸಿದ್ದರು. ಕೈಗೆ ದುಡಿಮೆ ಹತ್ತಿದ ಕೂಡಲೇ ಬಂದು ಕರೆದೊಯ್ಯುತ್ತೇನೆಂದು ಅವನು ಮಾತು ಕೊಟ್ಟಿದ್ದ. ಆಗ ಓಡಾಟವೆಲ್ಲ ಉಗಿಹಡಗಿನಲ್ಲಿ. ದಕ್ಕೆ ಪೆಟಿಗ್ರೂಗಳ ಸ್ವಂತದ್ದು. ಕಂಬಕ್ಕೆ ಅವರ ಕೆಂಪು ಬಾವುಟ ಏರಿದರೆ ಮಾತ್ರ ಹಡಗು ಅಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಒಳಗೆ ಯಾರೇ ಇದ್ದರೂ ಇಳಿಸುವಂತಿಲ್ಲ. ಬಾವುಟ ಏರಿಸುವುದು ಹೆಟ್ಟಿಯ ಕೆಲಸ. ಹಡಗು ಬರುವ ದಿನವೆಂದು ವರ್ಷಗಟ್ಟಲೆ ಶನಿವಾರ ಶನಿವಾರ ಕಾದಳು. ಅಣ್ಣ ಬರಲಿಲ್ಲ.

"ಅಣ್ಣಂದಿರ ಮಾತೇ ಇಷ್ಟು" ಎಂದು ವಿಲ್ಡಾ ಬಸ್ಸಿನ ಗಂಡಸರ ಕಡೆ ನೋಡಿದರೆ ಎಲ್ಲರೂ ನಗುತ್ತಿದ್ದರು. ಮರುಕ್ಷಣವೇ ಅಳಿಸುತ್ತಿದ್ದಳು. ಯುದ್ಧದಲ್ಲಿ ಪರ್ಸಿ ಸತ್ತ ಸುದ್ದಿಯ ಕಾಗದ ಬಂದಾಗ ಹೆಟ್ಟಿ ಒಂದು ಹನಿ ಕಣ್ಣೀರು ಹಾಕದೆ ಅದನ್ನು ಒಲೆಗೆ ತುರುಕಿದ್ದಳು. ಮರೆತವನಿಗಾಗಿ ಯಾಕೆ ಅಳಬೇಕು? ಪೆಟಿಗ್ರೂಗಳು ಅವಳನ್ನು ಮಗಳಂತೆ ಸಾಕಿದರಲ್ಲ.

ಇಷ್ಟು ಹೇಳಿ ವಿಲ್ಡಾ ಆ ಹಳೆಯ ಬಾವುಟವನ್ನು ಏರಿಸಬೇಕು. ಆಚೆ ದಡದಿಂದ ಪೆಟಿಗ್ರೂ ವಂಶದ ಕೊನೆಯವಳಾದ ಮ್ಯೂರಿಯಲ್ ತನ್ನ ದೋಣಿಯಲ್ಲಿ ಸಿಹಿ ಕಡುಬಿನ ಡಬ್ಬಿ ಹಿಡಿದು ಬರಬೇಕು, ಜನ ಚಪ್ಪಾಳೆ ತಟ್ಟಬೇಕು. ಮ್ಯೂರಿಯಲ್, ವಿಲ್ಡಾ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಗುರುವಾರದ ಇಸ್ಪೀಟಾಟ ಇಬ್ಬರೂ ತಪ್ಪಿಸಿದವರಲ್ಲ.

ಆ ಜೂನ್‌ನಲ್ಲಿ ಮ್ಯೂರಿಯಲ್ ಹೆಟ್ಟಿಯ ಯಜಮಾನಿಯಾಗಿದ್ದ ತನ್ನ ಮುತ್ತಜ್ಜಿಯ ದಿನಚರಿಯ ಮೂಲ ಪ್ರತಿಯನ್ನು ಊರಿನ ಸಂಗ್ರಹಾಲಯಕ್ಕೆ ಕೊಟ್ಟಳು. ಅಲ್ಲಿಯವರೆಗೆ ಎಲ್ಲರೂ ಓದಿದ್ದು ಅವಳೇ ಟೈಪ್ ಮಾಡಿಕೊಟ್ಟ ಪ್ರತಿಯನ್ನು. ಗಾಜಿನ ಪೆಟ್ಟಿಗೆಯಲ್ಲಿ ಯಾವ ಪುಟ ಬಿಚ್ಚಿಡೋಣವೆಂದು ವಿಲ್ಡಾ ಒಂದೊಂದೇ ಹಾಳೆ ತಿರುವುತ್ತ ಕೂತಿದ್ದಳು. ೧೮೯೮ರ ಆಗಸ್ಟ್ ತಿಂಗಳ ಒಂದು ಶನಿವಾರದಲ್ಲಿ ಅವಳ ಕೈ ನಿಂತಿತು.

"ಹೆಟ್ಟಿಯ ಅಣ್ಣ ಇಂದಿನ ಹಡಗಿನಲ್ಲಿ ಬರುವುದಾಗಿ ಬರೆದಿದ್ದ. ಅವಳನ್ನು ಗುಡ್ಡದ ಹಿಂದೆ ಹಣ್ಣು ಕೀಳಲು ಕಳಿಸಿದೆ. ಬಾವುಟ ಏರಿಸಲಿಲ್ಲ. ಅವನು ಹಡಗಿನ ಕಟಾಂಜನ ಹಿಡಿದು ಟೋಪಿ ಬೀಸುತ್ತಲೇ ಇದ್ದ. ಕೊಯ್ಲಿನ ಹೊತ್ತಿನಲ್ಲಿ ಕೆಲಸದವಳನ್ನು ಬಿಟ್ಟುಕೊಟ್ಟರೆ ನಡೆಯುವುದು ಹೇಗೆ? ಅವಳು ಮನೆ ಬಿಟ್ಟು ಹೋದಳೆಂದು ಅವನಿಗೆ ಕಾಗದ ಹಾಕಿದ್ದಾಯಿತು."

ವಿಲ್ಡಾ ಟೈಪಾದ ಪ್ರತಿ ತೆಗೆದು ನೋಡಿದಳು. ಶುಕ್ರವಾರ ಆದ ಮೇಲೆ ಭಾನುವಾರ ಇತ್ತು. ಇಷ್ಟು ವರ್ಷ ನೂರಾರು ಸಲ ಓದಿಯೂ ನಡುವೆ ಒಂದು ದಿನ ಕಾಣೆಯಾಗಿದ್ದು ಅವಳಿಗೆ ಹೊಳೆದಿರಲಿಲ್ಲ. ದಿನಚರಿಯನ್ನು ಚೀಲಕ್ಕೆ ಹಾಕಿಕೊಂಡು ನೇರ ಆಚೆ ದಡಕ್ಕೆ ಹೊರಟಳು.

ಮ್ಯೂರಿಯಲ್ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ವಿಲ್ಡಾ ಕೂರಲಿಲ್ಲ.

"ಆ ಶನಿವಾರದ ವಿಷ್ಯ ನಿಂಗೆ ಗೊತ್ತಿತ್ತಾ?"

ಮ್ಯೂರಿಯಲ್ ಯಾವ ಶನಿವಾರ ಎಂದು ಕೇಳಲಿಲ್ಲ. ಬಟಾಣಿಯ ಬೋಗುಣಿಯನ್ನು ಪಕ್ಕಕ್ಕಿಟ್ಟಳು. "ಟೈಪ್ ಮಾಡಿದ್ದು ನಾನೇ ಅಲ್ವೇನೇ. ಎಂದಾದ್ರೂ ಗೊತ್ತಾಗ್ಲಿ ಅಂತಾನೇ ಪುಸ್ತಕ ಕೊಟ್ಟೆ. ಬಾಯಿಬಿಟ್ಟು ಹೇಳೋಕೆ ನಂಗೆ ಧೈರ್ಯ ಬರ್ಲಿಲ್ಲ."

"ಇಪ್ಪತ್ತೆರಡು ವರ್ಷ ನನ್ ಬಾಯಿಂದಾನೇ ಅವನನ್ನ ಬೈಸಿದ್ಯಲ್ಲ."

"ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ, ಜನ ಅಳ್ತಿದ್ರು. ಅವರೆಲ್ಲ ಯಾವತ್ತೋ ಸತ್ತು ಮಣ್ಣಾದವ್ರು ವಿಲ್ಡಾ, ಈಗ ಕೆದಕಿ ಏನಾಗ್ಬೇಕಿತ್ತು?"

"ನೀನು ಟೈಪ್ ಮಾಡ್ತಿದ್ದಾಗ ನಮ್ಮಜ್ಜಿ ಸತ್ತಿರ್ಲಿಲ್ಲ ಕಣೇ."

ಹೆಟ್ಟಿಗೆ ಆಗ ತೊಂಬತ್ತನಾಲ್ಕು. ಮತ್ತೆ ಎರಡು ಚಳಿಗಾಲ ಬದುಕಿದ್ದಳು, ಬುದ್ಧಿ ಚುರುಕಾಗಿಯೇ ಇತ್ತು. ಈ ಮ್ಯೂರಿಯಲ್ಲೇ ಪ್ರತಿ ಭಾನುವಾರ ಅವಳಿಗೆ ಸೂಪು ತಂದು ಕೊಟ್ಟು, ಪಕ್ಕದಲ್ಲಿ ಕೂತು, ಪರ್ಸಿಯ ಮೇಲಿನ ಬೈಗುಳ ಕೇಳಿಸಿಕೊಂಡು, ತಲೆಯಾಡಿಸಿ ಎದ್ದು ಹೋಗುತ್ತಿದ್ದಳು. ಒಂದು ಮಾತು ಸಾಕಿತ್ತು, ನಿಮ್ಮಣ್ಣ ಬಂದಿದ್ದ ಎಂದು. ಅದನ್ನೂ ಹೇಳದವಳನ್ನು ಗೆಳತಿ ಎಂದುಕೊಂಡಿದ್ದೆನಲ್ಲ ಎಂದು ವಿಲ್ಡಾಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಶನಿವಾರ ಬಸ್ಸು ಬಂತು. ದಿಮ್ಮಿ ಮನೆಯಲ್ಲೂ ಇಗರ್ಜಿಯಲ್ಲೂ ಎಂದಿನಂತೆಯೇ ಹೇಳಿದಳು. ದಕ್ಕೆಯ ಮೇಲೆ ಮಾತ್ರ ಚೀಲದಿಂದ ದಿನಚರಿ ತೆಗೆದು ಆ ಪುಟವನ್ನು ಓದಿದಳು. ನಗಿಸುವ ಜಾಗದಲ್ಲಿ ನಗಿಸಲಿಲ್ಲ. ತನ್ನ ಅಜ್ಜಿಯ ಅಣ್ಣನಿಗೆ ಭೂಮಿಯ ಮೇಲೆ ಗೊತ್ತಿದ್ದ ವಿಳಾಸ ಇದೊಂದೇ, ತಂಗಿ ಹೋದಳೆಂದು ತಿಳಿದೂ ಯುದ್ಧಕ್ಕೆ ಹೊರಟಾಗ ಇದನ್ನೇ ಬರೆಸಿದ್ದ, ಅದಕ್ಕೇ ಸಾವಿನ ಕಾಗದ ಇಲ್ಲಿಗೆ ಬಂತು ಎಂದಳು. ಆಮೇಲೆ ಬೆಂಚಿನ ಮೇಲೆ ಕೂತು, ಮಡಿಸಿದ ಬಾವುಟವನ್ನು ತೊಡೆಯ ಮೇಲಿಟ್ಟುಕೊಂಡಳು.

ಆಚೆ ದಡದಿಂದ ಮ್ಯೂರಿಯಲ್‌ಳ ದೋಣಿ ಹೊರಟು ಬಂತು. ಎಂದಿನ ಜಾಗದಲ್ಲಿ ನಿಂತು ಕಾಯಿತು. ಕಂಬ ಬರಿದಾಗಿತ್ತು. ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು. ಮ್ಯೂರಿಯಲ್ ಎದ್ದು ನಿಂತು ಹುಲ್ಲಿನ ಟೋಪಿ ತೆಗೆದು ಬೀಸಿದಳು.

ಮುದುಕನೊಬ್ಬ ಆ ಅಮ್ಮ ಇಲ್ಲಿಗೆ ಬರುವುದಿಲ್ಲವೇ ಎಂದು ಕೇಳಿದ.

"ಬಾವುಟ ಏರಿಸ್ದೆ ಈ ದಕ್ಕೆಗೆ ಯಾರೂ ಬರೋ ಹಾಗಿಲ್ಲ ಯಜಮಾನ್ರೇ. ಅವ್ರ ಮನೆಯವ್ರೇ ಮಾಡಿದ್ದು ಈ ನೇಮ."

ಮ್ಯೂರಿಯಲ್ ಟೋಪಿ ಬೀಸುತ್ತಲೇ ಇದ್ದಳು. ಅದನ್ನು ನೋಡುತ್ತಿದ್ದಂತೆ ವಿಲ್ಡಾಳಿಗೆ ತಾನು ಒಮ್ಮೆಯೂ ನೋಡದ ಪರ್ಸಿಗಾಗಿ ಅಳು ಉಕ್ಕಿ ಬಂತು. ಅಜ್ಜಿ ಹಾಕದೆ ಉಳಿಸಿದ ಕಣ್ಣೀರೂ ಅದರಲ್ಲಿತ್ತು. ಬಾವುಟದ ತುದಿಯಿಂದಲೇ ಮುಖ ಒರೆಸಿಕೊಂಡಳು. ಕೈಗಳು ಹಗ್ಗದ ಕಡೆ ಹೋಗಲಿಲ್ಲ. ದೋಣಿ ತಿರುಗಿ ಹೊರಟ ಮೇಲೆ ಎಲ್ಲರನ್ನೂ ಬಸ್ಸು ಹತ್ತಿಸಿದಳು.