ಮಂಗೋಲಿಯಾದ ಅಜ್ಜಿಯ ಬಾಯಿಗೆ ಒಂದು ಮಾತು

ಗೌರವ ಅನ್ನುವ ವಸ್ತು ಒಂದಿದೆ ಎಂದು ನಮ್ಮ ಮಾಲೀಕರಿಗೆ ಗೊತ್ತಾಗಿದ್ದು ಒಂದು ಇಮೇಲಿನಿಂದ. ಹೊರದೇಶದ ಕಂಪನಿಯೊಂದು ನಮ್ಮ ಕೈಲಿ ಗೇಮ್ ಬರೆಸುತ್ತಿತ್ತು. ಅದರಲ್ಲಿ ಮಂಗೋಲಿಯಾದ ಒಬ್ಬ ಗಂಡಸಿರಬೇಕು, ಅವನು ಗೇ ಆಗಿರಬೇಕು, ಅವನನ್ನು ಗೌರವದಿಂದ ಬರೆಯಬೇಕು ಅಂತ ಅವರು ಬರೆದಿದ್ದರು. ಮಾಲೀಕರು ಓದಿ ಮುಗಿಸಿ, ಹೋಟೆಲಿನಲ್ಲಿ ದೋಸೆಗೆ ಎಣ್ಣೆ ಕಮ್ಮಿ ಹಾಕಿ ಅನ್ನುವ ಧಾಟಿಯಲ್ಲಿ ನನ್ನ ಕಡೆ ತಿರುಗಿದರು. "ನೋಡಿ, ಈ ಕ್ಯಾರೆಕ್ಟರ್‌ಗೆ ಸ್ವಲ್ಪ ರೆಸ್ಪೆಕ್ಟ್ ಜಾಸ್ತಿ ಇರ್ಲಿ."

ನಮ್ಮ ಆಫೀಸಿರುವುದು ತುಮಕೂರಿನ ಅಂಚಿಗೆ, ಸತ್ಯಮಂಗಲದಲ್ಲಿ, ಮಾಲೀಕರ ಅಪ್ಪ ಕಟ್ಟಿಸಿದ ಶೆಡ್ಡಿನ ಮಹಡಿ ಮೇಲೆ. ಕೆಳಗೆ ಈಗಲೂ ಕಬ್ಬಿಣದ ಪೈಪು ಕುಯ್ಯುತ್ತಾರೆ. ಮೇಲೆ ನಾವು ಓದಿಕೊಂಡು ಆಡುವ ಆಟ ಮಾಡುತ್ತೇವೆ. ಪರದೆ ಮೇಲೆ ಒಂದು ಚಿತ್ರ, ಅದರ ಕೆಳಗೆ ಯಾರದೋ ಒಂದು ಮಾತು, ಮುಂದೇನಾಗಬೇಕು ಅನ್ನುವುದನ್ನು ಆಗಾಗ ಆಡುವವರೇ ಆರಿಸಬೇಕು. ವಿಷುಯಲ್ ನಾವೆಲ್ ಅನ್ನುತ್ತಾರೆ. ಅದರ ಮಾತು ಬರೆಯುವವನು ನಾನು. ಕನ್ನಡದಲ್ಲಿ ಬರೆಯುತ್ತೇನೆ, ಇಂಗ್ಲಿಷಿಗೆ ಬೇರೆಯವರು ಮಾಡಿಕೊಳ್ಳುತ್ತಾರೆ.

ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಏನೆಂದರೆ ನಾನೂ ಗೇ. ಹುಲಿಯೂರುದುರ್ಗದ ಕಡೆಯವನೊಬ್ಬನ ಜೊತೆ ಬಹಳ ವರ್ಷಗಳಿಂದ ಒಂದೇ ಮನೆಯಲ್ಲಿದ್ದೇನೆ. ಅವನು ಬ್ಯಾಂಕಿನಲ್ಲಿದ್ದಾನೆ. ಆಫೀಸಿನವರಿಗೆ ಅವನು ನನ್ನ ರೂಮ್‌ಮೇಟು, ಮನೆ ಓನರಿಗೆ ದೂರದ ಸಂಬಂಧಿ, ಗುಬ್ಬಿಯಲ್ಲಿ ಅಣ್ಣ ಅತ್ತಿಗೆಯ ಜೊತೆಗಿರುವ ನನ್ನ ಅಮ್ಮನಿಗೆ 'ಫ್ರೆಂಡು'. ನಮ್ಮಿಬ್ಬರ ಬಾಳು ನಾಲ್ಕು ಜನರ ಕಣ್ಣಿಗೆ ಮರ್ಯಾದೆಯಿಂದ ಬೀಳುವುದಿದ್ದರೆ ಅದು ಈ ಮಂಗೋಲಿಯಾದವನ ವೇಷದಲ್ಲಿ ಮಾತ್ರ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಆದ್ದರಿಂದ ಅವನ ಮೇಲೆ ಯಾರು ಕೈಯಾಡಿಸಿದರೂ ನನಗೆ ಉರಿಯುತ್ತಿತ್ತು.

ಕೈಯಾಡಿಸದವರು ಯಾರು? ಮೊದಲ ಮೀಟಿಂಗಿನಲ್ಲೇ ಮಾಲೀಕರು ಗೌರವದ ನಿಯಮಗಳನ್ನು ಹೊರಡಿಸಿದರು. ಅವನನ್ನು ಯಾರೂ ಏಕವಚನದಲ್ಲಿ ಮಾತಾಡಿಸಬಾರದು. ಅವನು ಸಿಟ್ಟು ಮಾಡಿಕೊಳ್ಳಬಾರದು, ಬಾಡಿಗೆ ಮನೆಯ ಪಾತ್ರೆ ತೊಳೆಯುವ ವಿಷಯಕ್ಕೆ ಜಗಳ ಕಾಯಬಾರದು, ಯಾರು ಕಷ್ಟ ಹೇಳಿಕೊಂಡು ಬಂದರೂ ಮಠದ ಬುದ್ಧಿಯೋರ ಹಾಗೆ ಸಮಾಧಾನ ಹೇಳಿ ಕಳಿಸಬೇಕು. ಕೊನೆಗೆ ಸಾಯಬೇಕು. "ಸತ್ರೆ ಎಲ್ರಿಗೂ ಅಯ್ಯೋ ಅನ್ಸುತ್ತೆ ಕಣ್ರೀ," ಎಂದರು. ನಮ್ಮ ಜನಕ್ಕೆ ಗೌರವ ಅಂದರೆ ಹಾರ ಹಾಕಿ ಗೋಡೆಗೆ ನೇತುಹಾಕುವುದು. ಬದುಕಿರುವವನಿಗೆ ಹಾರ ಬೀಳಬೇಕಾದರೆ ಅವನು ಎಲೆಕ್ಷನ್ನಿಗೆ ನಿಂತಿರಬೇಕು.

ಆಮೇಲೆ ರಿಸರ್ಚು. ಮಂಗೋಲಿಯಾ ಅಂದರೆ ಕುದುರೆ, ಕುದುರೆ ಅಂದರೆ ಕುಣಿಗಲ್. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಕುಣಿಗಲ್ಲಿನ ಕುದುರೆ ಫಾರಂ ಹತ್ತಿರ ಹೋದರು. ಒಳಗೆ ಬಿಡಲಿಲ್ಲ. ಬೇಲಿಯಾಚೆ ನಿಂತು, ದೂರದಲ್ಲಿ ಮೇಯುತ್ತಿದ್ದ ಒಂದು ಕುದುರೆಯ ಹಿಂಭಾಗವನ್ನು ಮಾಲೀಕರು ಮೊಬೈಲಿನಲ್ಲಿ ಹಿಡಿದರು. ಅಲ್ಲಿಂದ ಯಡಿಯೂರಿಗೆ ಹೋಗಿ ಕೈಮುಗಿದು, ಊಟ ಮಾಡಿ ವಾಪಸ್ ಬಂದೆವು. ಮಂಗೋಲಿಯಾ ಮುಗಿಯಿತು. ಸಾಲದ್ದಕ್ಕೆ, ಚಳಿಗಾಲದಲ್ಲಿ ತುಮಕೂರಿಗೆ ಬಂದು ಸ್ವೆಟರ್ ಮಾರುವ ಟಿಬೆಟಿನವರನ್ನು ಕೇಳಿ ಬನ್ನಿ, "ಎಲ್ಲಾ ಒಂದೇ ಕಡೆಯೋರು" ಎಂದು ನನಗೆ ಅಪ್ಪಣೆಯಾಯಿತು. ನಾನು ಹೋಗಲಿಲ್ಲ. ಹೋಗಿ ಬಂದೆ ಅಂತ ಹೇಳಿದೆ.

ನನ್ನ ಪುಣ್ಯಕ್ಕೆ ನಾವು ಬರೆದದ್ದು ಸರಿಯಿದೆಯೇ ಎಂದು ಓದಿ ಹೇಳಲು ಆ ಹೊರದೇಶದ ಕಂಪನಿಯವರೇ ಮಂಗೋಲಿಯಾದ ಒಬ್ಬನನ್ನು ಗೊತ್ತು ಮಾಡಿದ್ದರು. ಉಲಾನ್‌ಬಾತರಿನಲ್ಲಿ ಹಲ್ಲಿನ ಡಾಕ್ಟರು, ಗೇ, ನನ್ನದೇ ವಯಸ್ಸು. ವಿಡಿಯೋ ಕಾಲ್‌ನಲ್ಲಿ ಅವನದೂ ಮುರುಕು ಇಂಗ್ಲಿಷು, ನನ್ನದೂ ಮುರುಕು ಇಂಗ್ಲಿಷು, ಹಾಗಾಗಿ ಚೆನ್ನಾಗಿ ಹೊಂದಿಕೊಂಡೆವು. ಮಾಲೀಕರ ನಿಯಮದಂತೆ ಬರೆದ ಮೊದಲ ಭಾಗವನ್ನು ಇಂಗ್ಲಿಷಿನಲ್ಲಿ ಓದಿ ಅವನು ಕೇಳಿದ: "ಇವನು ಯಾಕೆ ಸದಾ ಕುದುರೆ ನೆನೆಸಿಕೊಂಡು ಅಳುತ್ತಾನೆ? ನನಗೆ ಕುದುರೆ ಕಂಡರೆ ಆಗಲ್ಲ. ಚಿಕ್ಕವನಿದ್ದಾಗ ಒಂದು ಒದ್ದಿತ್ತು." ಅವನಿರುವುದು ಅಪಾರ್ಟ್‌ಮೆಂಟಿನಲ್ಲಿ. ಚಳಿಗಾಲದಲ್ಲಿ ಊರಿಗೆಲ್ಲ ಕಲ್ಲಿದ್ದಲ ಹೊಗೆ, ರಸ್ತೆ ತುಂಬ ಟ್ರಾಫಿಕ್ಕು. ಸಂಗಾತಿಯ ಜೊತೆ ಅವನ ಜಗಳವೆಲ್ಲ ಕಾರು ಎಲ್ಲಿ ನಿಲ್ಲಿಸುವುದು ಅನ್ನುವುದರ ಮೇಲೆ.

ಅವನು ಹೇಳಿದ ಒಂದು ಸಂಗತಿ ನನ್ನನ್ನು ಹಿಡಿದುಕೊಂಡಿತು. ಅವರ ಹೊಸ ವರ್ಷದ ದಿನ ಮನೆಮಂದಿಯೆಲ್ಲ ಒಬ್ಬರಿಗೊಬ್ಬರು ನಮಸ್ಕಾರ ಮಾಡಬೇಕು. ಹಿರಿಯರು ಕೈ ಚಾಚುತ್ತಾರೆ, ಕಿರಿಯರು ಆ ಕೈಗಳ ಕೆಳಗೆ ತಮ್ಮ ಕೈ ಕೊಟ್ಟು ಮೊಣಕೈ ಹತ್ತಿರ ಆಧರಿಸುತ್ತಾರೆ. ಎಲ್ಲರೂ ಎಲ್ಲರಿಗೂ ಮಾಡುತ್ತಾರೆ. ಗಂಡ ಹೆಂಡತಿ ಮಾತ್ರ ತಮ್ಮತಮ್ಮಲ್ಲಿ ಮಾಡಿಕೊಳ್ಳುವುದಿಲ್ಲ. ಒಂದು ವರ್ಷ ಅವನು ತನ್ನ ಸಂಗಾತಿಯನ್ನು ಗೆಳೆಯ ಅಂತ ಹೇಳಿ ಅಜ್ಜಿಯ ಮನೆಗೆ ಕರೆದುಕೊಂಡು ಹೋದ. ಇಬ್ಬರೂ ಎಲ್ಲರಿಗೂ ನಮಸ್ಕರಿಸಿದರು. ತಾವಿಬ್ಬರು ಎದುರು ಬದುರು ಬಂದಾಗ ಸುಮ್ಮನೆ ಕೂತುಬಿಟ್ಟರು. ಅಜ್ಜಿ ಅದನ್ನು ನೋಡಿದಳು. ಮಾಂಸದ ಕಡುಬಿನ ತಟ್ಟೆಯನ್ನು ಇಬ್ಬರ ನಡುವೆ ತಳ್ಳಿ, ಪಕ್ಕದವರ ಜೊತೆ ಚಳಿಯ ಮಾತಿಗೆ ಹೋದಳು.

ಆ ದೃಶ್ಯವನ್ನು ನಾನು ಹಾಗೆಯೇ ಬರೆದೆ. ಅಳು ಇಲ್ಲ, ಭಾಷಣ ಇಲ್ಲ, ಸಾವಂತೂ ಇಲ್ಲವೇ ಇಲ್ಲ. ಇಷ್ಟು ಚೆನ್ನಾಗಿ ನಾನು ಏನನ್ನೂ ಬರೆದಿರಲಿಲ್ಲ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಮಾಲೀಕರು ಓದಿದರು. ಮೊದಲು ಕಣ್ಣಿಗೆ ಬಿದ್ದಿದ್ದು ಕಡುಬು. "ಹಬ್ಬದ ದಿನ ಅಜ್ಜಿ ಕೈಲಿ ಮಾಂಸ ಮಾಡಿಸ್ತೀರಲ್ರೀ. ಹಿರಿಯೋರು. ತರಕಾರಿ ಹಾಕ್ಸಿ."

"ಆ ಚಳೀಲಿ ಅಜ್ಜಿ ಹುರುಳಿಕಾಯಿ ಎಲ್ಲಿಂದ ತರ್ತಾಳೆ ಸಾರ್?"

ಅದನ್ನು ಬಿಟ್ಟುಕೊಟ್ಟರು. ಆದರೆ ಇನ್ನೊಂದನ್ನು ಬಿಡಲಿಲ್ಲ. ಅಜ್ಜಿ ಬಾಯಿ ಬಿಟ್ಟು ಹೇಳಬೇಕಂತೆ: ನಾನು ನಿಮ್ಮಿಬ್ಬರನ್ನೂ ಒಪ್ಪಿಕೊಂಡಿದ್ದೇನೆ ಮಕ್ಕಳೇ. "ಇಲ್ದಿದ್ರೆ ಆಡೋರಿಗೆ ಅರ್ಥ ಆಗಲ್ಲ ಕಣ್ರೀ. ಜನಕ್ಕೆ ಬಿಡಿಸಿ ಹೇಳ್ಬೇಕು." ಆ ಒಂದು ಮಾತು ಹಾಕಿದರೆ ಅಜ್ಜಿ ಅಜ್ಜಿಯಾಗಿ ಉಳಿಯುವುದಿಲ್ಲ, ಸೀರಿಯಲ್ಲಿನ ಜಡ್ಜ್ ಆಗುತ್ತಾಳೆ ಎಂದೆ. ಆ ಮಾತು ಹಾಕಿಸಿದರೆ ನಾನು ಕೆಲಸ ಬಿಡುತ್ತೇನೆ ಎಂದೂ ಅಂದೆ. ಸಂಕ್ರಾಂತಿ ಕಳೆಯಲಿ, ತಣ್ಣಗೆ ಯೋಚನೆ ಮಾಡಿ ಎಂದರು. ದಡ್ಡರು ಯಾವಾಗಲೂ ಬುದ್ಧಿವಂತರಿಗೆ ತಣ್ಣಗಾಗಲು ಹೇಳುತ್ತಾರೆ ಎಂದು ಬೈದುಕೊಂಡು ಮೆಟ್ಟಿಲಿಳಿದೆ.

ಸಂಕ್ರಾಂತಿಗೆ ಪ್ರತಿವರ್ಷದಂತೆ ಇಬ್ಬರೂ ಬೈಕಿನಲ್ಲಿ ಗುಬ್ಬಿಗೆ ಹೋದೆವು. ಪ್ರತಿವರ್ಷ ಅಲ್ಲಿ ನಡೆಯುವುದು ಇಷ್ಟು. ಅಮ್ಮ ಅವನಿಗೆ "ಬನ್ನಿ, ಕೂತ್ಕೊಳ್ಳಿ" ಅನ್ನುತ್ತಾಳೆ, ಊಟಕ್ಕೆ ಎರಡು ಸಲ ಬಲವಂತ ಮಾಡುತ್ತಾಳೆ, ಹೊರಡುವಾಗ ಎಳ್ಳು ಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಇಟ್ಟು ಕೈಗೆ ಕೊಡುತ್ತಾಳೆ. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾನೆ. ನಾನು ಆ ಪೊಟ್ಟಣವನ್ನು ನೋಡಿ ಪ್ರತಿ ಸಲವೂ ಒಳಗೊಳಗೇ ಸಣ್ಣ ಲೆಕ್ಕ ಹಾಕುತ್ತಿದ್ದೆ: ಅಷ್ಟರಮಟ್ಟಿಗೆ ಮರ್ಯಾದೆ ಇದೆ.

ಈ ಸಲ ಅದೂ ಹೋಯಿತು. ಬಾಗಿಲಲ್ಲಿ ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ. ಅವನು ಹೆಲ್ಮೆಟ್ ಇಡುವಷ್ಟರಲ್ಲಿ ಅಮ್ಮ ಒಳಗಿನಿಂದ, "ನಿನ್ನ ಕೈ ಖಾಲಿ ಐತಲ್ಲ, ಬಾರೋ, ಈ ಕವರ್‌ಗಳಿಗೆ ಎಳ್ಳು ತುಂಬು," ಎಂದಳು. ಅವನು ಅಡುಗೆಮನೆ ನೆಲದ ಮೇಲೆ ಕೂತು, ಅಮ್ಮ ಮುಂದಿಟ್ಟ ಎಳ್ಳು ಬೆಲ್ಲದ ಡಬ್ಬಿಯಿಂದ ಬೀದಿಯ ಮನೆಗಳಿಗೆಲ್ಲ ಪೊಟ್ಟಣ ಕಟ್ಟಿದ. ಮಧ್ಯೆ ಡಬ್ಬಿಗೆ ಕೈ ಹಾಕಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರೆ ಬೈಗುಳ: "ಬರೀ ಬೆಲ್ಲ ಆರಿಸ್ಕೊಂಡು ತಿನ್ಬೇಡ ಕಣೋ, ಎಳ್ಳೂ ತಿನ್ನು." ಅತ್ತಿಗೆ ಪೊಟ್ಟಣಗಳನ್ನೆಲ್ಲ ತಟ್ಟೆಯಲ್ಲಿಟ್ಟುಕೊಂಡು ಎಳ್ಳು ಬೀರಲು ಹೋದಳು. ಬಂದವರಿಗೂ ಕೊಟ್ಟಿದ್ದಾಯಿತು. ಪರಿಚಯವೇ ಇಲ್ಲದ ಎದುರು ಮನೆ ಬಾಡಿಗೆಯವನಿಗೂ ಸಿಕ್ಕಿತು. ನಾವು ಹೊರಟಾಗ ಇವನ ಕೈಯಲ್ಲಿ ಏನೂ ಇರಲಿಲ್ಲ. ಅಮ್ಮ ಬಾಗಿಲ ತನಕವೂ ಬರಲಿಲ್ಲ, ಪಾತ್ರೆ ಉಜ್ಜುತ್ತಾ ಅಲ್ಲಿಂದಲೇ "ಹುಷಾರಾಗಿ ಹೋಗ್ರೋ" ಎಂದಳು.

ಗುಬ್ಬಿ ದಾಟುತ್ತಿದ್ದ ಹಾಗೆ ನಾನು ಶುರುಮಾಡಿದೆ. ಬೈಕು ಓಡಿಸುತ್ತಿದ್ದವನು ಅವನು, ಹಿಂದೆ ಕೂತು ಕೂಗುತ್ತಿದ್ದವನು ನಾನು. ಕೂಲಿಯವನ ಹಾಗೆ ಕೆಲಸ ಮಾಡಿಸಿದಳು, ಏಕವಚನ ಬೇರೆ. ಯಾರೋ ಏನೋ ಕಿವಿಗೆ ಹಾಕಿದ್ದಾರೆ, ಗೊತ್ತಾಗಿದೆ ಅವಳಿಗೆ, ಅದಕ್ಕೇ ಹೀಗೆ ತೋರಿಸಿದಳು. ಒಂದು ಹಿಡಿ ಎಳ್ಳು ಕೊಡಲು ಅವಳಿಗೆ ಕೈ ಬರಲಿಲ್ಲ. ಮುಂದಿನ ವರ್ಷ ಬರುವುದೇ ಬೇಡ. ಇವರ ಯೋಗ್ಯತೆಯೇ ಇಷ್ಟು. ಹೀಗೆ ಏನೇನೋ ಅಂದೆ.

ಮಲ್ಲಸಂದ್ರ ದಾಟಿದ ಮೇಲೆ ಅವನು ಬೈಕು ನಿಧಾನ ಮಾಡಿ, ತಲೆ ಸ್ವಲ್ಪ ಹಿಂದೆ ತಿರುಗಿಸಿ ಕೇಳಿದ, "ನಿನಗೆ ಕೊಟ್ರಾ ಪೊಟ್ಟಣ?"

"ನನಗ್ಯಾಕೆ ಕೊಡ್ತಾಳೆ? ಮನೆಯವರಿಗೆ ಯಾರಾದ್ರೂ ಎಳ್ಳು ಬೀರ್ತಾರಾ?"

ಅವನು ಗೇರು ಬದಲಾಯಿಸಿದ.

ತುಮಕೂರು ಬರುವಷ್ಟರಲ್ಲಿ ನನ್ನ ಹೆಲ್ಮೆಟ್ಟಿನೊಳಗೆ ಮುಖ ಒದ್ದೆಯಾಗಿತ್ತು. ಸಾವಿರಾರು ಮೈಲಿ ಆಚೆಯ ಅಜ್ಜಿ ತಳ್ಳಿದ ತಟ್ಟೆ ನನಗೆ ಅರ್ಥವಾಗಿತ್ತು, ಅದಕ್ಕಾಗಿ ಕೆಲಸ ಬಿಡಲೂ ತಯಾರಾಗಿದ್ದೆ. ನನ್ನಮ್ಮ ಡಬ್ಬಿಯನ್ನೇ ಅವನ ಮುಂದೆ ಇಟ್ಟಿದ್ದಳು, ನಾನು ಪೊಟ್ಟಣ ಹುಡುಕುತ್ತಿದ್ದೆ.

ಮಾರನೇ ದಿನ ಮಾಲೀಕರು ಕೇಳಿದರು, "ಏನ್ರೀ, ಬರೆದ್ರಾ ಅಜ್ಜಿ ಡೈಲಾಗು?"

"ಇಲ್ಲ ಸಾರ್. ಅಜ್ಜಿ ಮಾತಾಡಲ್ಲ."

"ಮತ್ತೆ ಅರ್ಥ ಹೆಂಗಾಗುತ್ತೆ ಜನಕ್ಕೆ?"

"ಕೆಲವರಿಗೆ ಲೇಟಾಗುತ್ತೆ ಸಾರ್. ಆಗಲಿ." ಯಾಕೆ ಹೇಳಿದೆನೋ, ಅಷ್ಟಕ್ಕೇ ನಿಲ್ಲಿಸದೆ ಮುಂದುವರಿಸಿದೆ. "ನಮ್ಮಮ್ಮ ಈ ಸಲ ನನ್ನ ರೂಮ್‌ಮೇಟ್‌ಗೆ ಎಳ್ಳಿನ ಪೊಟ್ಟಣಾನೇ ಕೊಡ್ಲಿಲ್ಲ."

ಮಾಲೀಕರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅರ್ಥವಾಯಿತೇನೋ ಎಂದು ಒಂದು ಕ್ಷಣ ನನಗೆ ಭಯವಾಯಿತು, ಆಸೆಯೂ ಆಯಿತು. "ಅಯ್ಯೋ ಪಾಪ," ಎಂದರು. "ಮರ್ತಿರ್ತಾರೆ, ವಯಸ್ಸಾಯ್ತಲ್ಲ." ಡ್ರಾಯರ್ ಎಳೆದು, ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. "ನಮ್ಮನೇದು. ಅವರಿಗೆ ಕೊಟ್ಬಿಡಿ, ಬೇಜಾರ್ ಮಾಡ್ಕೋಬಾರ್ದು ಅಂತ ಹೇಳಿ. ಅಜ್ಜಿ ವಿಷ್ಯ ನಿಮ್ಮಿಷ್ಟ, ನೀವು ಮೊದ್ಲು ಸಮಾಧಾನ ಮಾಡ್ಕೊಳ್ಳಿ."

ಸಂಜೆ ಮನೆಗೆ ಹೋಗಿ ಅದನ್ನು ಟೇಬಲ್ಲಿನ ಮೇಲಿಟ್ಟೆ. ಅವನು ಬ್ಯಾಂಕಿನಿಂದ ಬಂದು, ಷೂ ಬಿಚ್ಚುತ್ತಾ, ಯಾರು ಕೊಟ್ಟಿದ್ದು ಎಂದು ಕೇಳಿದ.

"ಹೊರಗಿನವರು," ಎಂದೆ.